ಮಳೆಗಾದೆಯ ಕಾಲ, ತೆಂಗಿನ ಕಾಲ: ಬಿಳಿಗೆರೆ ಸೀಮೆಯ ಹವಾಮಾನ ತಿಳಿವಳಿಕೆ ಕುರಿತು ಒಂದು ವಿಮರ್ಶೆ

1

ಕನ್ನಡ ಜಾನಪದ ಅಧ್ಯಯನದಲ್ಲಿ ಮಳೆಗಾದೆಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಗಾದೆಗಳ ದೊಡ್ಡ ಸಂಕಲನಗಳಲ್ಲಿ ಅಶ್ವಿನಿ, ಭರಣಿಗಳಿಂದ ಹಿಡಿದು ವಿಶಾಖೆ, ಅನುರಾಧೆಯವರೆಗಿನ ಮಳೆಗಳ ಹೆಸರು ಹೊತ್ತ ಮಾತುಗಳು ಹೇರಳವಾಗಿ ದೊರೆಯುತ್ತವೆ. ಇವುಗಳನ್ನು ಕುರಿತ ವಿವೇಚನೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಮೊದಲನೆಯದು ಗಾದೆಯ ಪ್ರಾಸ, ಅಡಕ ಮತ್ತು ಹೋಲಿಕೆಗಳನ್ನು ಮೆಚ್ಚುವ ಸಾಹಿತ್ಯಕ ದಾರಿ. ಎರಡನೆಯದು ಗಾದೆಯಲ್ಲಿ ಪೂರ್ವಿಕರ ಹವಾಮಾನ ಶಾಸ್ತ್ರವನ್ನು ಕಂಡು, ಮಳೆಮಾಪನದ ಅಂಕಿಗಳೊಡನೆ ಹೊಂದಿಸಿ, ಅದಕ್ಕೊಂದು ಪ್ರಮಾಣಪತ್ರ ಕೊಡುವ ದಾರಿ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡು ದಾರಿಗಳೂ ಒಂದು ಸರಳ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಿವೆ. ಈ ಗಾದೆ ಯಾವ ನೆಲದ್ದು, ಯಾವ ಬೆಳೆಯದು ಎಂಬುದೇ ಆ ಪ್ರಶ್ನೆ.

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಬಿಳಿಗೆರೆ ಮತ್ತು ಅದರ ಸುತ್ತಣ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಈ ಪ್ರಶ್ನೆಯನ್ನು ಕೇಳಲು ತಕ್ಕ ನೆಲವಾಗಿದೆ. ಇಲ್ಲಿ ಒಂದೇ ಕುಟುಂಬದ ಒಡೆತನದಲ್ಲಿ ರಾಗಿಯ ಹೊಲವೂ ತೆಂಗಿನ ತೋಟವೂ ಅಕ್ಕಪಕ್ಕದಲ್ಲಿರುತ್ತವೆ. ಒಂದೇ ಮಳೆ ಎರಡಕ್ಕೂ ಬೀಳುತ್ತದೆ. ಆದರೆ ಆ ಮಳೆಗೆ ರಾಗಿ ಕೊಡುವ ಉತ್ತರ ಬೇರೆ, ತೆಂಗು ಕೊಡುವ ಉತ್ತರ ಬೇರೆ. ಮಳೆಗಾದೆಗಳು ಬಹುಮಟ್ಟಿಗೆ ಮೊದಲನೆಯ ಉತ್ತರವನ್ನು ಮಾತ್ರ ದಾಖಲಿಸಿವೆ. ಎರಡನೆಯದು ಮಾತಿನಲ್ಲಿಲ್ಲ, ದುಡಿಮೆಯಲ್ಲಿದೆ. ಮಾತನ್ನು ಮಾತ್ರ ಸಂಗ್ರಹಿಸುವ ಅಧ್ಯಯನ ಪದ್ಧತಿಯು ಈ ಸೀಮೆಯ ಮುಖ್ಯ ಬೆಳೆಯ ಹವಾಮಾನ ತಿಳಿವಳಿಕೆಯನ್ನೇ ಕೈಬಿಟ್ಟಿದೆ ಎಂಬುದು ಪ್ರಸ್ತುತ ಪ್ರಬಂಧದ ವಾದ.

2

ಮೊದಲು ಸೀಮೆಯ ಮಳೆಯ ಸ್ವರೂಪವನ್ನು ಗಮನಿಸಬೇಕು. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಈ ಪ್ರದೇಶದ ವಾರ್ಷಿಕ ಸರಾಸರಿ ಮಳೆ ಸುಮಾರು 600ರಿಂದ 700 ಮಿಲಿಮೀಟರು. ತೆಂಗಿನ ಬೇಸಾಯಕ್ಕೆ ವರ್ಷವಿಡೀ ಹಂಚಿಕೊಂಡು ಬೀಳುವ 1,000 ಮಿಲಿಮೀಟರಿಗೂ ಮೇಲ್ಪಟ್ಟ ಮಳೆ ಬೇಕೆಂಬುದು ಕೃಷಿ ವಿಜ್ಞಾನದ ಸಾಮಾನ್ಯ ನಿಲುವು. ತೆಂಗಿಗೆ ಹೆಸರಾದ ಕರಾವಳಿಯ ಮಂಗಳೂರಿನಲ್ಲಿ ಮಳೆ 3,000 ಮಿಲಿಮೀಟರನ್ನು ಮೀರುತ್ತದೆ. ಹೀಗಿರುವಾಗ ಬಯಲುಸೀಮೆಯ ಈ ಒಣನೆಲದಲ್ಲಿ ತೆಂಗು ನೆಲೆಗೊಂಡದ್ದೇ ವಿವರಣೆ ಬೇಡುವ ಸಂಗತಿ. ಇದು ಇತ್ತೀಚಿನ ಬೆಳವಣಿಗೆಯೂ ಅಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಭಾಗವನ್ನು ಹಾದುಹೋಗಿದ್ದು, 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಇಲ್ಲಿಯ ತೆಂಗಿನ ತೋಟಗಳ ಪ್ರಸ್ತಾಪವಿದೆ.

ಮಳೆಯ ಪ್ರಮಾಣದಷ್ಟೇ ಅದರ ಹಂಚಿಕೆಯೂ ಮುಖ್ಯ. ಏಪ್ರಿಲ್–ಮೇ ತಿಂಗಳುಗಳಲ್ಲಿ ಗುಡುಗು ಸಹಿತ ಮುಂಗಾರು ಪೂರ್ವ ಮಳೆ ಬೀಳುತ್ತದೆ. ಘಟ್ಟದ ಮೇಲೆ ಮಳೆಗಾಲ ಬಿರುಸಾಗಿರುವ ಜೂನ್–ಜುಲೈಗಳಲ್ಲಿ ಇಲ್ಲಿ ಗಾಳಿ ಹೆಚ್ಚು, ಮಳೆ ಕಡಿಮೆ. ಸೆಪ್ಟೆಂಬರ್–ಅಕ್ಟೋಬರುಗಳಲ್ಲಿ ಮಳೆ ಮತ್ತೆ ಏರುತ್ತದೆ. ಈ ಎರಡು ಏರು, ಒಂದು ಇಳಿತದ ಲಯಕ್ಕೆ ತಕ್ಕಂತೆ ರೈತರು ಬೇಸಾಯವನ್ನು ರೂಪಿಸಿಕೊಂಡರು. ಯುಗಾದಿಯ ಹೊನ್ನಾರು ಹೂಡಿದ ಮೇಲೆ ಮೊದಲ ಏರಿಗೆ ಹೆಸರು, ಉದ್ದು, ಅಲಸಂದೆ, ಎಳ್ಳು ಬಿತ್ತುವುದು. ಇಳಿತದ ಕಾಲದಲ್ಲಿ ಅವನ್ನು ಕಿತ್ತು ಒಕ್ಕುವುದು. ಅದೇ ನೆಲಕ್ಕೆ ರಾಗಿಯನ್ನೂ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳನ್ನೂ ಹಾಕಿ ಎರಡನೆಯ ಏರಿಗೆ ಒಪ್ಪಿಸುವುದು.

ಕರ್ನಾಟಕದ ಹತ್ತು ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ಮಧ್ಯ ಒಣವಲಯಕ್ಕೆ ಸೇರಿದರೆ, ತುರುವೇಕೆರೆ ದಕ್ಷಿಣ ಒಣವಲಯಕ್ಕೆ ಸೇರುತ್ತದೆ. ಲೋಕರೂಢಿಯಲ್ಲಿ ಮಾತ್ರ ಈ ಮೂರೂ ಒಂದೇ ತೆಂಗಿನ ಸೀಮೆ. ವಲಯದ ಗೆರೆ ಮಳೆ ಮತ್ತು ಮಣ್ಣನ್ನು ನೋಡಿ ಎಳೆದದ್ದು. ಲೋಕರೂಢಿಯ ಗೆರೆ ಬೆಳೆ ಮತ್ತು ಸಂತೆಯನ್ನು ನೋಡಿ ಎಳೆದದ್ದು. ಹವಾಮಾನ ಕುರಿತ ಜನಪದ ತಿಳಿವಳಿಕೆಯನ್ನು ಅಳೆಯುವಾಗ ಯಾವ ಗೆರೆಯನ್ನು ಆಧರಿಸಬೇಕೆಂಬುದು ಇಲ್ಲಿಂದಲೇ ತೊಡಕಾಗುತ್ತದೆ.

3

ಇನ್ನು ಗಾದೆಗಳನ್ನು ನೋಡಬಹುದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’, ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’, ‘ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ’ ಎಂಬಂಥ ಮಾತುಗಳು ನಾಡಿನ ಹಲವೆಡೆ ಬಳಕೆಯಲ್ಲಿವೆ. ಇವುಗಳ ವಾಕ್ಯರಚನೆ ಗಮನಾರ್ಹವಾದುದು. ‘ಬಂದರೆ’, ‘ಆದರೆ’, ‘ಇಲ್ಲದಿದ್ದರೆ’ ಎಂಬ ಪಕ್ಷಾರ್ಥಕ ರೂಪಗಳೇ ಇವುಗಳ ಬೆನ್ನೆಲುಬು. ಭರಣಿ ಮಳೆ ಬರುತ್ತದೆ ಎಂದು ಗಾದೆ ಹೇಳುವುದಿಲ್ಲ. ಬಂದರೆ ಅದರ ಬೆಲೆ ಏನು ಎಂದು ಹೇಳುತ್ತದೆ. ಆದ್ದರಿಂದ ಮಳೆಗಾದೆಯನ್ನು ಮುನ್ಸೂಚನೆಯೆಂದು ಭಾವಿಸಿ ಮಳೆಮಾಪನದ ಅಂಕಿಗಳಿಂದ ಸರಿ ಅಥವಾ ತಪ್ಪು ಎಂದು ತೀರ್ಮಾನಿಸುವುದು ಮೂಲದಲ್ಲಿಯೇ ದೋಷಯುಕ್ತ ಕ್ರಮ. ಗಾದೆ ಕಣಿಯಲ್ಲ, ಬೆಲೆಕಟ್ಟುವ ಮಾತು.

ಬೆಲೆಕಟ್ಟುವುದೆಂದರೆ ಯಾವ ಬೆಳೆ ಯಾವ ಹಂತದಲ್ಲಿದೆ ಎಂಬುದನ್ನು ಒಳಗೊಂಡೇ ಮಾತನಾಡುವುದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13–14 ದಿನಗಳ ಅವಧಿಯೇ ಒಂದು ಮಳೆ. ಭರಣಿ ಏಪ್ರಿಲ್ ಕೊನೆಯ ವಾರದಲ್ಲಿ ಹುಟ್ಟುತ್ತದೆ. ಅದು ಬಿಳಿಗೆರೆ ಸೀಮೆಯಲ್ಲಿ ಹೆಸರು, ಎಳ್ಳುಗಳ ಬಿತ್ತನೆಯ ಹೊತ್ತು. ಗಾದೆಯ ‘ಧರಣಿಯೆಲ್ಲಾ ಬೆಳೆ’ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ರೋಹಿಣಿಯ ಗಾದೆ ಹಾಗಲ್ಲ. ಮೇ ಕೊನೆಯಲ್ಲಿ ಹುಟ್ಟುವ ರೋಹಿಣಿಗೆ ಓಣಿ ತುಂಬ ಜೋಳವನ್ನು ಕಾಣುವುದು ಮುಂಗಾರಿ ಜೋಳದ ಸೀಮೆಯ ಕಣ್ಣು. ಆ ಹೊತ್ತಿಗೆ ತಿಪಟೂರಿನ ಹೊಲದಲ್ಲಿ ಹೆಸರು ಹೂವು, ಕಾಯಿಯ ಹಂತದಲ್ಲಿರುತ್ತದೆ. ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರೆಯ ಗಾದೆಯಂತೂ ಈ ಸೀಮೆಯಲ್ಲಿ ಇಬ್ಬಗೆಯಾಗುತ್ತದೆ. ರಾಗಿಯ ಹೊಲಕ್ಕೆ ಹದ ಬೇಕಾದವನಿಗೆ ಆರಿದ್ರೆ ಭಾಗ್ಯ. ಬಲಿತ ಹೆಸರು ಹೊಲದಲ್ಲೇ ಇರುವವನಿಗೆ ಅದೇ ಮಳೆ ಕಾಯಿಯನ್ನು ಕೊಳೆಸುವ ಹಾನಿ. ಒಂದೇ ಗಾದೆ, ಒಂದೇ ಊರು, ಎರಡು ಅರ್ಥ. ಸಂಕಲನದ ಪುಟದಲ್ಲಿ ಈ ಭೇದ ಕಾಣಿಸುವುದಿಲ್ಲ. ಅಕಾರಾದಿಯಾಗಿ ಜೋಡಿಸುವ ರೂಢಿಯಿಂದ ಮಳೆಗಳ ಸರದಿಯೂ ಕದಡುತ್ತದೆ. ಜೋಳದ ಸೀಮೆಯ ಮಾತು ರಾಗಿಯ ಸೀಮೆಯ ಮಾತಿನ ಪಕ್ಕದಲ್ಲಿ ಗುರುತಿಲ್ಲದೆ ಕೂರುತ್ತದೆ.

‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬ ಮಾತನ್ನು ಹೋಲಿಕೆಯ ಸೊಗಸಿಗಾಗಿ ಉದಾಹರಿಸುವುದುಂಟು. ಆಗಸ್ಟ್ ಉತ್ತರಾರ್ಧದ ಈ ಮಳೆಗೆ ರಾಗಿ ತೆಂಡೆಯೊಡೆದು ಬೆಳೆಯುವ ವಯಸ್ಸಿನಲ್ಲಿರುತ್ತದೆ ಎಂಬುದನ್ನು ತಿಳಿದಾಗ ಮಾತ್ರ ಉಣ್ಣುವ ಮಗನ ಹೋಲಿಕೆಗೆ ಪೂರ್ಣ ಅರ್ಥ ಬರುತ್ತದೆ. ಹಾಗೆಯೇ ಅಕ್ಟೋಬರಿನ ಚಿತ್ತೆಯನ್ನು ಕುರುಡಿಯೆಂದು ಕರೆದು, ಅವಳು ಎರಚಿದತ್ತ ಬೆಳೆಯೆನ್ನುವ ಗಾದೆಯು ಆ ತಿಂಗಳ ಗುಡುಗುಮಳೆ ಒಂದು ಊರಿಗೆ ಬಿದ್ದು ನೆರೆಯೂರನ್ನು ಬಿಟ್ಟುಹೋಗುವ ಸ್ವಭಾವವನ್ನು ಹಿಡಿದಿದೆ. ತಾಲ್ಲೂಕಿನ ಸರಾಸರಿಯೊಂದು ಹಳ್ಳಿಯ ಸ್ಥಿತಿಯನ್ನು ಹೇಳಲಾರದು ಎಂಬ ಈ ಅರಿವನ್ನು ಆಡಳಿತ ಒಪ್ಪಿಕೊಂಡದ್ದು ಬಹಳ ತಡವಾಗಿ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಮಾಪಕಗಳನ್ನು ಹೋಬಳಿ ಮಟ್ಟಕ್ಕೂ ಅನಂತರ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಇಳಿಸಿದ ಮೇಲೆ ಆ ಅರಿವಿಗೆ ಅಂಕಿಯ ರೂಪ ಬಂದಿತು.

ಗಾದೆಗಳನ್ನು ಸಾರ್ವಕಾಲಿಕ ಸತ್ಯವೆಂದು ಬಗೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ನಕ್ಷತ್ರವನ್ನು ಅನುಸರಿಸುವ ಪಂಚಾಂಗವು ಋತುಚಕ್ರಕ್ಕಿಂತ ಅಲ್ಪ ಪ್ರಮಾಣದಲ್ಲಿ ದೀರ್ಘವಾದುದು. ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಮಳೆನಕ್ಷತ್ರಗಳು ಋತುವಿಗಿಂತ ಮುಂದಕ್ಕೆ ಸರಿಯುತ್ತವೆ. ಏಳು ಶತಮಾನಗಳಲ್ಲಿ ಈ ಅಂತರ ಹತ್ತು ದಿನವಾಗುತ್ತದೆ. ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಮಳೆ. ಗಾದೆಗಳು ಬಳಕೆಯಲ್ಲಿ ಉಳಿದಿದ್ದರೆ ಅದಕ್ಕೆ ಕಾರಣ ಅವು ಬದಲಾಗದೆ ಉಳಿದದ್ದಲ್ಲ. ಪ್ರತಿ ತಲೆಮಾರೂ ತನ್ನ ಹೊಲಕ್ಕೆ ತಕ್ಕಂತೆ ಅವನ್ನು ತಿದ್ದಿಕೊಂಡದ್ದು.

4

ಈಗ ತೆಂಗಿನ ಕಡೆಗೆ ತಿರುಗಬೇಕು. ತೆಂಗನ್ನು ಕುರಿತ ಮಾತುಗಳು ಕನ್ನಡದಲ್ಲಿ ಇಲ್ಲವೆಂದಲ್ಲ. ಇಂಗು, ತೆಂಗು ಇದ್ದರೆ ಮಂಗನೂ ಅಡುಗೆ ಮಾಡಬಲ್ಲದೆಂಬ ಮಾತು ಎಲ್ಲರಿಗೂ ಗೊತ್ತು. ಹೆತ್ತ ಮಕ್ಕಳು ಕೈಬಿಟ್ಟರೂ ನೆಟ್ಟ ತೆಂಗು ಕೈಬಿಡದು ಎಂಬರ್ಥದ ಮಾತು ತೆಂಗು ಬೆಳೆಯುವ ಸೀಮೆಗಳಲ್ಲಿ ಕೇಳಿಬರುತ್ತದೆ. ಮೊದಲನೆಯದು ಅಡುಗೆಮನೆಯದು, ಎರಡನೆಯದು ವಂಶದ್ದು. ಎರಡರಲ್ಲೂ ಮಳೆಯ ಸುಳಿವಿಲ್ಲ. ಮಘೆಯ ಗಾದೆಯಲ್ಲಿ ಮಗ ಮತ್ತು ಮಳೆ ಒಟ್ಟಿಗೆ ಬರುತ್ತಾರೆ. ತೆಂಗಿನ ಮಾತಿನಲ್ಲಿ ಮರವೇ ಮಗನ ಸ್ಥಾನಕ್ಕೆ ಬಂದು ಮಳೆ ಮರೆಯಾಗುತ್ತದೆ. ಇಂತಿಂಥ ನಕ್ಷತ್ರದ ಮಳೆ ಬಂದರೆ ಇಷ್ಟು ಕಾಯಿ ಎನ್ನುವ ಗಾದೆ ಮಳೆಗಾದೆಗಳ ಪರಿಚಿತ ಸರಣಿಯಲ್ಲಿ ಎದುರಾಗುವುದಿಲ್ಲ.

ಇದಕ್ಕೆ ಕಾರಣ ಮರದ ಶರೀರಧರ್ಮದಲ್ಲಿದೆ. ಎಲೆಯ ಕಂಕುಳಲ್ಲಿ ಹೊಂಬಾಳೆಯ ಮೊಳಕೆ ಮೂಡಿದ ಮೇಲೆ ಅದು ಹೊರಬಂದು ಅರಳಲು ಸುಮಾರು 32 ತಿಂಗಳು ಬೇಕು. ಅರಳಿದ ಹೊಂಬಾಳೆಯ ಹರಳು ಬಲಿತ ಕಾಯಾಗಲು ಮತ್ತೆ 12 ತಿಂಗಳು. ಒಟ್ಟು 44 ತಿಂಗಳ ಈ ಹಾದಿಯಲ್ಲಿ ಯಾವ ಹಂತದಲ್ಲಿ ಬರ ಬಂದರೂ ಹೊಡೆತ ಬೀಳುತ್ತದೆ. ಮೊಳಕೆಯ ಹಂತದಲ್ಲಾದರೆ ಹೊಂಬಾಳೆಯೇ ಕುಗ್ಗುತ್ತದೆ. ಹೆಣ್ಣುಹೂ ರೂಪುಗೊಳ್ಳುವ ಹಂತದಲ್ಲಾದರೆ ಹೂವಿನ ಸಂಖ್ಯೆ ಇಳಿಯುತ್ತದೆ. ಎಳೆಯ ಹಂತದಲ್ಲಾದರೆ ಹರಳು ಉದುರುತ್ತದೆ. ಬಲಿಯುವಾಗಲಾದರೆ ಕಾಯಿಯ ಗಾತ್ರ ಕಡಿಮೆಯಾಗುತ್ತದೆ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದಲ್ಲಿ ಇನ್ನೂ ಎಂಟು ಹತ್ತು ತಿಂಗಳು ಇಡಬೇಕು. ಅಂದರೆ ಮಾರುಕಟ್ಟೆಗೆ ಬಂದ ಒಂದು ಕೊಬ್ಬರಿ ಸುಮಾರು ನಾಲ್ಕೂವರೆ ವರ್ಷಗಳ ಮಳೆಯ ಮೊತ್ತ.

ರಾಗಿಯ ಲೆಕ್ಕ ನಾಲ್ಕು ತಿಂಗಳಿನದು. ಬಂದ ಮಳೆ, ಕಂಡ ಬೆಳೆ ಎರಡನ್ನೂ ಒಬ್ಬನೇ ಒಂದೇ ಹಂಗಾಮಿನಲ್ಲಿ ನೋಡುವುದರಿಂದ ‘ಬಂದರೆ–ಬೆಳೆ’ ಎಂಬ ಎರಡು ಕಾಲಿನ ವಾಕ್ಯ ಸಾಧ್ಯವಾಗುತ್ತದೆ. ತೆಂಗಿನಲ್ಲಿ ಕಾರಣ ಮತ್ತು ಫಲದ ನಡುವೆ ನೂರು ಮಳೆನಕ್ಷತ್ರಗಳು ಕಳೆದುಹೋಗಿರುತ್ತವೆ. ಇಂಥ ಸಂಬಂಧವನ್ನು ಪ್ರಾಸಬದ್ಧವಾದ ಒಂದು ಮಾತಿನಲ್ಲಿ ಕಟ್ಟಲಾಗದು. ಗಾದೆಯಿಲ್ಲದಿರುವುದು ತಿಳಿವಳಿಕೆಯಿಲ್ಲದಿರುವುದರ ಗುರುತಲ್ಲ. ಅದು ಗಾದೆಯೆಂಬ ಪ್ರಕಾರದ ಮಿತಿಯ ಗುರುತು.

ಈ ದೃಷ್ಟಿಯಿಂದ ‘ಕಲ್ಪತರು ನಾಡು’ ಎಂಬ ಜನಪ್ರಿಯ ಬಿರುದನ್ನೂ ಪರಿಶೀಲಿಸಬೇಕಾಗುತ್ತದೆ. ಪುರಾಣದ ಕಲ್ಪತರು ಕೇಳಿದ್ದನ್ನು ಕೇಳಿದ ಕೂಡಲೇ ಕೊಡುವ ಮರ. ಬಯಲುಸೀಮೆಯ ತೆಂಗು ಅದಕ್ಕೆ ತದ್ವಿರುದ್ಧವಾದುದು. ಉಂಡದ್ದನ್ನು ವರ್ಷಗಳ ನಂತರ ಹಿಂದಿರುಗಿಸುವ ಮರ. ಬಿರುದು ಹೆಮ್ಮೆಯನ್ನು ಕೊಟ್ಟಿತು, ನಿಜ. ಆದರೆ ಈ ಬೆಳೆ ಮಳೆಯ ಹಂಗಿನಲ್ಲಿಲ್ಲವೆಂಬ ಭ್ರಮೆಯನ್ನೂ ಅದು ಪೋಷಿಸಿತು.

5

ಹಾಗಾದರೆ ತೆಂಗಿನ ಹವಾಮಾನ ತಿಳಿವಳಿಕೆ ಎಲ್ಲಿದೆ? ಮೊದಲನೆಯದಾಗಿ, ಊರಿನ ಹೆಸರುಗಳಲ್ಲಿದೆ. ಬಿಳಿಗೆರೆ, ನೊಣವಿನಕೆರೆ, ತುರುವೇಕೆರೆ, ನೆರೆಯ ಅರಸೀಕೆರೆ ಇವೆಲ್ಲವೂ ಕೆರೆಯಿಂದ ಹೆಸರು ಪಡೆದ ಊರುಗಳು. ದೊಡ್ಡ ಹೊಳೆಯಿಲ್ಲದ ಈ ಸೀಮೆಯಲ್ಲಿ ಮಳೆಯನ್ನು ಹಿಡಿದಿಡದೆ ಬಾಳು ಸಾಗದು. ಸೆಪ್ಟೆಂಬರ್–ಅಕ್ಟೋಬರಿನ ಮಳೆ ಕೆರೆಯಲ್ಲಿ ನಿಂತು, ಏರಿಯ ಕೆಳಗಣ ತಗ್ಗಿನ ತೋಟಕ್ಕೆ ಬೇಸಿಗೆಯವರೆಗೆ ತೇವವನ್ನು ಒದಗಿಸುತ್ತಿತ್ತು. ತೆಂಗಿಗೆ ಬೇಕಾದದ್ದು ಮಳೆ ಬಂದ ದಿನವಲ್ಲ, ನೀರು ನಿಂತ ತಿಂಗಳು. ರಾಗಿಯವನು ನಕ್ಷತ್ರವನ್ನು ಎಣಿಸಿದರೆ ತೆಂಗಿನವನು ಕೆರೆಯ ಮಟ್ಟವನ್ನು ನೋಡುತ್ತಿದ್ದ. ಕೋಡಿ ಬಿದ್ದ ವರ್ಷವೇ ಅವನ ಪಂಚಾಂಗ.

ಎರಡನೆಯದಾಗಿ, ಅದು ಗೋಡು ಹೊಡೆಯುವ ಕೆಲಸದಲ್ಲಿದೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಗೋಡುಮಣ್ಣನ್ನು ತಂದು ತೋಟದ ಕೆಂಪು ಮರಳುಮಿಶ್ರಿತ ನೆಲಕ್ಕೆ ಹರಡುವುದನ್ನು ಗೊಬ್ಬರದ ಕೆಲಸವೆಂದಷ್ಟೇ ನೋಡುವುದುಂಟು. ಗೋಡು ನೀರನ್ನು ಹಿಡಿಯುವ ಮಣ್ಣು. ಬರದ ವರ್ಷದಲ್ಲಿ, ಕೆರೆ ಬತ್ತಿದ ಕಾರಣಕ್ಕೇ ದೊರೆಯುವ ಮಣ್ಣು ಮುಂದಿನ ಮಳೆಯನ್ನು ಹೆಚ್ಚು ಕಾಲ ನಿಲ್ಲಿಸುತ್ತದೆ. ಜೊತೆಗೆ ಕೆರೆಯೂ ಆಳವಾಗುತ್ತದೆ. ಬರವನ್ನೇ ಬಂಡವಾಳ ಮಾಡಿಕೊಳ್ಳುವ ಈ ಕ್ರಮವು ಒಂದು ಪೂರ್ಣಪ್ರಮಾಣದ ಹವಾಮಾನ ನೀತಿ.

ಮೂರನೆಯದಾಗಿ, ಅದು ಮರದ ಮೈಮೇಲೆಯೇ ಬರೆದಿದೆ. ತೆಂಗಿನ ಕಾಂಡ ಒಮ್ಮೆ ಮೂಡಿದ ಮೇಲೆ ದಪ್ಪವಾಗುವುದಿಲ್ಲ. ಬರದಲ್ಲಿ ಮೂಡಿದ ಭಾಗ ಸಣಕಲಾಗಿ ಹಾಗೆಯೇ ಉಳಿಯುತ್ತದೆ. ವರ್ಷಕ್ಕೆ ಸುಮಾರು ಹನ್ನೆರಡು ಗರಿ ಬಿಡುವ ಮರದ ಮೇಲೆ ಉದುರಿದ ಗರಿಗಳ ಕಲೆಗಳು ಉಂಗುರಗಳಾಗಿ ನಿಲ್ಲುತ್ತವೆ. ಸುಳಿಯಿಂದ ಕೆಳಕ್ಕೆ ಕಲೆಗಳನ್ನು ಎಣಿಸುತ್ತ ಬಂದರೆ ಸಣಕಲು ಭಾಗ ಯಾವ ವರ್ಷದ್ದೆಂದು ಅಂದಾಜು ಮಾಡಬಹುದು. 2001ರಿಂದ 2004ರವರೆಗೆ ಸತತವಾಗಿ ಕಾಡಿದ ಬರ ಇಂಥ ಗುರುತನ್ನು ಬಿಡುವಷ್ಟು ದೀರ್ಘವಾಗಿತ್ತು. ದೇಶದಲ್ಲಿ 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ವರದಿಯಾಗಿ ಕರ್ನಾಟಕಕ್ಕೂ ಹಬ್ಬಿದ ನುಸಿಪೀಡೆಯ ಹಾವಳಿ ಅದರೊಡನೆ ಬೆರೆತು, ಇಳುವರಿ ಕುಸಿದದ್ದು ನುಸಿಯಿಂದಲೋ ಬರದಿಂದಲೋ ಎಂದು ಬಿಡಿಸಿ ಹೇಳುವುದು ಕಠಿಣವಾಯಿತು. ಕಾಯಿಯ ಸಿಪ್ಪೆಯ ಮೇಲಿನ ಕಂದುಗೀರು ನುಸಿಯ ಸಾಕ್ಷಿ, ಕಾಂಡದ ಸಣಕಲು ಬರದ ಸಾಕ್ಷಿ. ಎರಡನ್ನೂ ಬೇರ್ಪಡಿಸಿ ಓದುವ ಕಣ್ಣೇ ಇಲ್ಲಿಯ ಜನಪದ ವಿದ್ವತ್ತು.

ನಾಲ್ಕನೆಯದು ಅಟ್ಟ. ಇಲ್ಲಿ ಒಂದು ವಿರೋಧಾಭಾಸವಿದೆ. ಮರಕ್ಕೆ ಕಷ್ಟ ಕೊಡುವ ಒಣಹವೆಯೇ ಕೊಬ್ಬರಿಗೆ ವರ. ಸಿಪ್ಪೆಸಹಿತ ಕಾಯಿ ಅಟ್ಟದಲ್ಲಿ ನಿಧಾನವಾಗಿ ಒಣಗಿ, ಒಳನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಿ ಅಲುಗಾಡುವ ಸ್ಥಿತಿಗೆ ಬರಲು ಶುಷ್ಕ ವಾತಾವರಣ ಬೇಕು. ಕರಾವಳಿಯ ತೇವದಲ್ಲಿ ಇದು ಸುಲಭವಲ್ಲ. ತಿಪಟೂರು ಸೀಮೆ ಉಂಡೆ ಕೊಬ್ಬರಿಗೆ ಹೆಸರಾದದ್ದು ಮಳೆ ಹೆಚ್ಚಿದ್ದರಿಂದಲ್ಲ, ಗಾಳಿ ಒಣಗಿದ್ದರಿಂದ. ಕೊರತೆಯನ್ನು ಕಸುಬಾಗಿಸಿದ ಈ ಜಾಣ್ಮೆ ಯಾವ ಗಾದೆಯಲ್ಲೂ ಇಲ್ಲ. ಮೈಸೂರಿನ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಂಥ ಕಡೆ ನೇಗಿಲು, ಕೂರಿಗೆ, ಕುಂಟೆಗಳನ್ನು ತಂದಿಡಬಹುದು. ಅಟ್ಟವನ್ನೂ ಅದರೊಳಗಿನ ಗಾಳಿಯನ್ನೂ ತಂದಿಡಲಾಗದು. ಅದನ್ನು ಇದ್ದಲ್ಲಿಯೇ ದಾಖಲಿಸಬೇಕು.

6

ಈ ವಿವೇಚನೆ ಕೇವಲ ವಿಧಾನದ ತಕರಾರಲ್ಲ. ಕೊಳವೆಬಾವಿಗಳು ಬಂದ ಮೇಲೆ ತೆಂಗು ಕೆರೆಯ ಕೆಳಗಣ ತಗ್ಗನ್ನು ಬಿಟ್ಟು ರಾಗಿ, ಸಾವೆಗಳ ಖುಷ್ಕಿ ದಿನ್ನೆಗಳಿಗೆ ಏರಿತು. ಹೇಮಾವತಿ ನಾಲೆ ಕೆಲವು ಕೆರೆಗಳಿಗೆ ನೀರು ತಂದರೂ ದಿನ್ನೆಯ ತೋಟ ಅಂತರ್ಜಲವನ್ನೇ ನಂಬಿತು. ರಾಗಿ ಕಡಿಮೆಯಾದಂತೆ ಮಳೆನಕ್ಷತ್ರದ ಎಣಿಕೆ ಅನಗತ್ಯವಾಯಿತು. ಕೆರೆ ಕಡೆಗಣನೆಗೆ ಒಳಗಾದಂತೆ ಕೋಡಿಯ ಎಣಿಕೆಯೂ ನಿಂತಿತು. ಒಂದು ತಿಳಿವಳಿಕೆ ಪುಸ್ತಕ ಸೇರಿತು, ಇನ್ನೊಂದು ಪುಸ್ತಕವನ್ನೂ ಸೇರಲಿಲ್ಲ.

ಇತ್ತೀಚಿನ ವರ್ಷಗಳು ಇದರ ಬೆಲೆಯನ್ನು ತೋರಿಸಿವೆ. 2021ರ ನವೆಂಬರಿನಲ್ಲಿ, ವಿಶಾಖೆ ಮತ್ತು ಅನುರಾಧೆಯ ದಿನಗಳಲ್ಲಿ, ರಾಜ್ಯದ ಹಲವೆಡೆ ಸುರಿದ ಅಕಾಲಿಕ ಮಳೆ ಕೊಯ್ಲಿಗೆ ಬಂದ ರಾಗಿಯನ್ನು ಹಾಳುಮಾಡಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದೇ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದು, ತಿಪಟೂರಿನ ಧಾರಣೆ ಅದಕ್ಕಿಂತ ಕೆಳಗಿತ್ತು. 2025ರಲ್ಲಿ ಧಾರಣೆ 20,000 ರೂಪಾಯಿಗಳನ್ನು ದಾಟಿತು. ಆಗ ಮಾರಲು ಕಾಯಿ ಕಡಿಮೆಯಿತ್ತು. ಬೆಲೆಯ ಏರಿಳಿತಕ್ಕೆ ಕಾರಣಗಳು ಹಲವು. ಆದರೆ ಬರ ಮತ್ತು ಕಾಯಿಯ ಕೊರತೆಯ ನಡುವಣ ಅಂತರವನ್ನು ತೆಂಗಿನ ಕಾಲಮಾನವನ್ನು ಬಿಟ್ಟು ವಿವರಿಸಲಾಗದು.

ಬರ ಘೋಷಣೆಯು ಇಂದಿಗೂ ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಎಂಬ ಲೆಕ್ಕದಲ್ಲಿ ನಡೆಯುತ್ತದೆ. ಇದು ರಾಗಿಯ ಕಾಲಮಾನ. ಬರದ ವರ್ಷ ತೋಟವನ್ನು ನೋಡಿದವರಿಗೆ ಮರದ ಮೇಲೆ ಕಾಯಿ ಕಾಣುತ್ತದೆ. ಆ ಕಾಯಿ ಹಿಂದಿನ ಮಳೆಯ ಫಲ. ನಷ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಬರದ ಕಡತ ಮುಚ್ಚಿರುತ್ತದೆ. ಮಳೆಗಾದೆಗಳನ್ನೇ ಗ್ರಾಮೀಣ ಹವಾಮಾನ ಜ್ಞಾನದ ಸಮಗ್ರ ರೂಪವೆಂದು ಬಿಂಬಿಸಿದ ಜಾನಪದ ಅಧ್ಯಯನವು ಈ ಹಂಗಾಮಿನ ದೃಷ್ಟಿಯನ್ನು ಪ್ರಶ್ನಿಸುವ ಅವಕಾಶವನ್ನು ಕಳೆದುಕೊಂಡಿತು.

7

ಆದ್ದರಿಂದ ಮುಂದಿನ ಸಂಗ್ರಹಗಳು ಕೆಲವು ಕ್ರಮಗಳನ್ನು ಪಾಲಿಸುವುದು ಅಗತ್ಯ. ಗಾದೆಯ ಜೊತೆಗೆ ಊರು, ಮಣ್ಣು, ಜಮೀನು ಖುಷ್ಕಿಯೋ ತರಿಯೋ ಬಾಗಾಯ್ತೋ ಎಂಬುದು, ಆ ಮಳೆಗೆ ಬೆಳೆಯಿರುವ ಹಂತ ಮತ್ತು ಹೇಳಿದವರ ಕಸುಬು ದಾಖಲಾಗಬೇಕು. ಮಳೆಗಾದೆಗಳನ್ನು ಅಕ್ಷರಗಳ ಸರದಿಯಲ್ಲಲ್ಲದೆ ಮಳೆಗಳ ಸರದಿಯಲ್ಲಿ, ಸೀಮೆವಾರು ಜೋಡಿಸಬೇಕು. ಗಾದೆಯಿಲ್ಲದ ಕಡೆ ಏಕಿಲ್ಲವೆಂದು ಕೇಳಬೇಕು. ವಕ್ತೃಗಳ ಪಟ್ಟಿಗೆ ಹಾಡುಗಾರರು, ಕಥೆಗಾರರ ಜೊತೆಗೆ ನೀರುಗಂಟಿ, ಕಾಯಿ ಕೆಡಹುವವರು, ಅಟ್ಟದ ಕಾಯಿ ಇಳಿಸಿ ಸುಲಿದು ಚಿಪ್ಪು ಬಿಡಿಸುವ ಕೂಲಿಕಾರರು ಸೇರಬೇಕು. ಕೊಬ್ಬರಿ ಯಾವ ವರ್ಷ ಸೊರಗಿತು, ಯಾವ ತೋಟದ್ದು ಸೊರಗಲಿಲ್ಲ ಎಂಬುದನ್ನು ಮೊದಲು ಕೈಯಲ್ಲಿ ತೂಗಿ ಅರಿಯುವವರು ಅವರೇ.

ಅರಸೀಕೆರೆಯ ತೆಂಗು ಸಂಶೋಧನಾ ಕೇಂದ್ರ, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಸಮೀಪದಲ್ಲೇ ಇರುವ ಈ ಸೀಮೆಯಲ್ಲಿ ಜಾನಪದ ವಿದ್ವಾಂಸರೂ ಕೃಷಿ ವಿಜ್ಞಾನಿಗಳೂ ಒಂದೇ ತೋಟದಲ್ಲಿ ನಿಂತು ಕೆಲಸ ಮಾಡುವುದು ಕಷ್ಟವಲ್ಲ. ಕೆರೆಯ ಕೆಳಗಣ ಹಳೆಯ ತೋಟದ ಮರಗಳ ಕಾಂಡವನ್ನು ದಿನ್ನೆಯ ಹೊಸ ತೋಟದ ಮರಗಳ ಕಾಂಡದೊಡನೆ ಹೋಲಿಸಿ, ಆಯಾ ಮನೆಯವರ ನೆನಪಿನೊಡನೆಯೂ ಗ್ರಾಮ ಪಂಚಾಯಿತಿಯ ಮಳೆ ಅಂಕಿಗಳೊಡನೆಯೂ ಇಟ್ಟು ನೋಡಿದರೆ, ಬರ ಯಾವ ತೋಟವನ್ನು ಎಷ್ಟು ವರ್ಷ ಕಾಡಿತು ಎಂಬುದಕ್ಕೆ ಆಧಾರ ದೊರೆಯುತ್ತದೆ. ತೆಂಗಿನ ನಷ್ಟವನ್ನು ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ಲೆಕ್ಕಹಾಕಬೇಕೆಂಬ ಬೇಡಿಕೆಗೆ ಅಂಥ ದಾಖಲೆಯೇ ಬುನಾದಿಯಾಗಬಲ್ಲದು. ಅದನ್ನು ಸಿದ್ಧಪಡಿಸುವ ಕೆಲಸಕ್ಕೆ ಬೇಕಾದ ಮರಗಳು ಇನ್ನೂ ನಿಂತಿವೆ. ಅವನ್ನು ಓದಬಲ್ಲ ಹಿರಿಯರೂ ಕೆಲವರು ಇದ್ದಾರೆ.